ಸವೆಯದ ಹಳಿಯ ಅಪಾಯ

ಹೈದರಾಬಾದಿನ ಕುಷಾಯಿಗೂಡದ ಸಮೀಪ, ಮೌಲಾಲಿ ಮತ್ತು ಚೆರ್ಲಪಲ್ಲಿ ನಿಲ್ದಾಣಗಳ ನಡುವೆ ಹಾದುಹೋಗುವ ರೈಲುದಾರಿಗೂ ನಮ್ಮ ಕಲಬುರಗಿ ಜಿಲ್ಲೆಯ ವಾಡಿಗೂ ಹಳೆಯ ನಂಟು. ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಬಂದದ್ದು 1874ರಲ್ಲಿ. ಅದೇ ದಾರಿ ಪೂರ್ವಕ್ಕೆ ಬೆಳೆದು 1889ರಲ್ಲಿ ಬೆಜವಾಡ ಮುಟ್ಟಿತು. ಇಂದು ಆ ಹಳಿಗಳ ಮೇಲೆ ಉರುಳುವ ಗಾಲಿಗಳಲ್ಲಿ ಎಷ್ಟೋ ಗಾಲಿಗಳು 1984ರಲ್ಲಿ ಆರಂಭವಾದ ಯಲಹಂಕದ ಕಾರ್ಖಾನೆಯಲ್ಲಿ ಎರಕಗೊಂಡಂಥವು.

ತುಂಬಿದ ಗೂಡ್ಸ್ ವ್ಯಾಗನ್ನಿನ ಒಂದೊಂದು ಗಾಲಿಯೂ ಸುಮಾರು 11 ಟನ್ ಭಾರ ಹೊರುತ್ತದೆ. ಅಷ್ಟೂ ಭಾರ ಹಳಿಗೆ ಇಳಿಯುವುದು ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ. ದುಂಡನೆಯ ವಸ್ತುಗಳು ಒಂದನ್ನೊಂದು ಒತ್ತಿದಾಗ ಈ ಜಾಗ ಎಷ್ಟಿರುತ್ತದೆ ಎಂದು ಮೊದಲು ಲೆಕ್ಕ ಹಾಕಿದವನು ಜರ್ಮನಿಯ ಹೈನ್ರಿಚ್ ಹರ್ಟ್ಸ್. 1880ರ ಕ್ರಿಸ್‌ಮಸ್ ರಜೆಯಲ್ಲಿ ಕೂತು ಅದನ್ನು ಬಿಡಿಸಿದಾಗ ಅವನಿಗೆ 23 ವರ್ಷ. ಅವನ ತಲೆಯಲ್ಲಿದ್ದದ್ದು ರೈಲಲ್ಲ, ಗಾಜಿನ ಮಸೂರಗಳು. ಮುಂದೆ ರೇಡಿಯೋ ಅಲೆಗಳಿಂದ ಹೆಸರಾದವನೂ ಇವನೇ.

ಆ ಲೆಕ್ಕವನ್ನು ಮುಂದುವರಿಸಿದರೆ ಒಂದು ಅಚ್ಚರಿ ಸಿಗುತ್ತದೆ. ಘರ್ಷಣೆ ಕಡಿಮೆಯಿದ್ದಾಗ ಉಕ್ಕನ್ನು ಕತ್ತರಿಸುವ ಒತ್ತಡ ಅತಿ ಹೆಚ್ಚಿರುವುದು ಮೇಲ್ಮೈಯಲ್ಲಲ್ಲ, ಕೊಂಚ ಒಳಗೆ. ಬಾಲ್ ಬೇರಿಂಗುಗಳಲ್ಲಿ ಬಿರುಕು ಹಲವು ಸಲ ಒಳಗಿನಿಂದಲೇ ಹುಟ್ಟುವುದು ಇದಕ್ಕೆ. ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಭಾರ ಇಮ್ಮಡಿಯಾದರೆ ಬಾಲ್ ಬೇರಿಂಗಿನ ಆಯುಸ್ಸು ಎಂಟನೇ ಒಂದಕ್ಕೆ ಇಳಿಯುತ್ತದೆ.

ಹಳಿಯ ಕತೆ ಬೇರೆ. ಅಲ್ಲಿ ಗಾಲಿ ಉರುಳುವುದರ ಜೊತೆಗೆ ತುಸು ಜಾರುತ್ತದೆ, ಎಳೆಯುತ್ತದೆ. ಪ್ರತಿ ಗಾಲಿಯೂ ಮೇಲ್ಪದರವನ್ನು ಒಂದೇ ದಿಕ್ಕಿಗೆ ಕೂದಲೆಳೆಗಿಂತ ಕಡಿಮೆ ತಳ್ಳುತ್ತದೆ. ಲಕ್ಷಾಂತರ ಗಾಲಿಗಳು ಉರುಳಿದ ಮೇಲೆ ಉಕ್ಕಿನ ಬಾಗುವ ಶಕ್ತಿ ಮುಗಿದು, ಮೀನಿನ ಹೊರಪೆಯಂತೆ ಓರೆಯಾದ ಬಿರುಕುಗಳು ಏಳುತ್ತವೆ.

ಅವು ಬೆಳೆಯಲು ದ್ರವವೂ ಬೇಕು ಎಂಬುದನ್ನು 1935ರಲ್ಲಿ ಅಮೆರಿಕದ ಸ್ಟುವರ್ಟ್ ವೇ ತೋರಿಸಿದ. ಒಂದರ ಮೇಲೊಂದು ಉರುಳುವ ಉಕ್ಕಿನ ರೋಲರುಗಳಲ್ಲಿ, ಎಣ್ಣೆ ಇಲ್ಲದಿದ್ದಾಗ ಗುಳಿಗಳು ಬೀಳಲಿಲ್ಲ. ಎಣ್ಣೆ ಹಾಕಿದಾಗ ಬಿದ್ದವು. ಅವನು ಕೊಟ್ಟ ವಿವರಣೆ ಇದು: ಎಣ್ಣೆ ಬಿರುಕಿಗೆ ಇಳಿಯುತ್ತದೆ, ಬರುವ ರೋಲರು ಬಿರುಕಿನ ಬಾಯಿ ಮುಚ್ಚುತ್ತದೆ, ಒಳಗೆ ಸಿಕ್ಕಿಬಿದ್ದ ಎಣ್ಣೆ ಬೆಣೆಯಂತೆ ತುದಿಯನ್ನು ಸೀಳುತ್ತದೆ. ಹಳಿಯಲ್ಲಿ ಆ ಕೆಲಸವನ್ನು ಮಳೆನೀರು ಮಾಡಬಲ್ಲದು.

ಇಲ್ಲಿಯೇ ಇರುವುದು ವಿಪರ್ಯಾಸ. ಹಳಿ ಬೇಗ ಸವೆದರೆ ಎಳೆಯ ಬಿರುಕುಗಳೂ ಸವೆದು ಹೋಗುತ್ತವೆ. ಸವೆಯದಂತೆ ಗಟ್ಟಿ ಉಕ್ಕು ಹಾಕಿದರೆ, ಹುಟ್ಟಿದ ಬಿರುಕಿಗೆ ಬೆಳೆಯಲು ಸಮಯ ಸಿಗುತ್ತದೆ. ಕೆಲವು ಮಿಲಿಮೀಟರ್ ಇಳಿದ ಮೇಲೆ ಒಂದೊಂದು ಬಿರುಕು ಕೆಳಮುಖ ತಿರುಗುತ್ತದೆ. ಆಮೇಲೆ ಹಳಿ ಮುರಿಯುವುದೊಂದೇ ಬಾಕಿ.

2000ದ ಅಕ್ಟೋಬರ್ 17ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಬಳಿ ಆದದ್ದು ಅದೇ. ಲಂಡನ್ನಿನಿಂದ ಲೀಡ್ಸ್‌ಗೆ ಹೊರಟ ರೈಲಿನಡಿ ಹಳಿ 300ಕ್ಕೂ ಹೆಚ್ಚು ಚೂರಾಯಿತು, ನಾಲ್ವರು ಸತ್ತರು. ಬಿರುಕುಗಳು ಮೊದಲೇ ಗೊತ್ತಿದ್ದವು, ಬದಲಿ ಹಳಿಯೂ ಸಿದ್ಧವಿತ್ತು, ಹಾಕಿರಲಿಲ್ಲ. ಅಪಘಾತದ ನಂತರ ದೇಶದುದ್ದಕ್ಕೂ ಸಾವಿರಕ್ಕೂ ಹೆಚ್ಚು ಕಡೆ ವೇಗ ತಗ್ಗಿಸಬೇಕಾಯಿತು. ಮರುವರ್ಷ ಹಳಿಗಳ ಒಡೆತನದ ರೈಲ್‌ಟ್ರ್ಯಾಕ್ ಕಂಪನಿಯೇ ದಿವಾಳಿಯಾಯಿತು.

ಇಂದಿನ ಮದ್ದು, ಹಳಿಯನ್ನು ಬೇಕೆಂದೇ ಸವೆಸುವುದು. ಸಾಣೆಯಂತ್ರ ಮೇಲ್ಪದರವನ್ನು ತೆಳುವಾಗಿ ಉಜ್ಜಿ ತೆಗೆಯುತ್ತದೆ. ಒಳಗಿನ ಬಿರುಕು ಹುಡುಕಲು ಶ್ರವಣಾತೀತ ಧ್ವನಿ ಇದೆ. ಆದರೆ ಮೇಲಿನ ಓರೆ ಬಿರುಕುಗಳೇ ಧ್ವನಿಯನ್ನು ತಡೆದು, ಕೆಳಗಿನ ದೊಡ್ಡ ಬಿರುಕನ್ನು ಮರೆಮಾಚಬಹುದು. ಆದ್ದರಿಂದಲೇ ಹೆಗಲ ಮೇಲೆ ಸುತ್ತಿಗೆ ಹೊತ್ತು ಹಳಿಯಗುಂಟ ನಡೆಯುವ ಕೀಮನ್‌ನ ಕೆಲಸ ಇನ್ನೂ ಮುಗಿದಿಲ್ಲ. ಅವನು ಕಂಡದ್ದನ್ನು ಬರೆದುಕೊಂಡರಷ್ಟೇ ಸಾಲದು, ಆ ಬರಹವನ್ನು ಓದಿ ಹಳಿ ಬದಲಿಸುವವರೂ ಬೇಕು. ಹ್ಯಾಟ್‌ಫೀಲ್ಡಿನಲ್ಲಿ ಇಲ್ಲದಿದ್ದದ್ದು ಅದು.