ನಾಲ್ಕೂಕಾಲು ಅಂಗುಲದ ಗುಳಿ



ಭಿವಂಡಿಯ ಮಗ್ಗಗಳ ಸದ್ದಿನಲ್ಲಿ, ಥಾಣೆ-ಕಲ್ಯಾಣದ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ದಿನ ಕಳೆಯುವ ನಮಗೆ ಗಾಲ್ಫ್ ಎಂದರೆ ದೂರದ ಮಾತು. ಸಾಹೇಬರ ಆಟ, ಹಣವಂತರ ಆಟ ಎಂದು ಪತ್ರಿಕೆಯ ಪುಟ ತಿರುಗಿಸಿಬಿಡುತ್ತೇವೆ. ಆದರೆ ಈ ಆಟದ ಅರ್ಧ ಭಾಗ ನಾವು ಊರಿನಲ್ಲಿ ಆಡಿದ ಗೋಲಿಯಾಟದ ನೆಂಟ. ಚೆಂಡನ್ನು ನೆಲದ ಮೇಲೆ ಮೆಲ್ಲಗೆ ಉರುಳಿಸಿ ಗುಳಿಗೆ ಬೀಳಿಸಬೇಕು. ಇದಕ್ಕೆ ಪಟಿಂಗ್ ಎನ್ನುತ್ತಾರೆ. 18 ಗುಳಿಗಳ ಮೈದಾನದಲ್ಲಿ ಸಾಮಾನ್ಯವಾಗಿ 72 ಹೊಡೆತಗಳ ಲೆಕ್ಕ. ಅದರಲ್ಲಿ ಗುಳಿಗೆ ಎರಡರಂತೆ 36 ಹೊಡೆತಗಳು ಪಟಿಂಗ್‌ಗೇ ಮೀಸಲು.

ಗುಳಿಗೂ ಒಂದು ಚರಿತ್ರೆಯಿದೆ. 1829ರಲ್ಲಿ ಸ್ಕಾಟ್ಲೆಂಡಿನ ಮಸಲ್‌ಬರ್ಗ್‌ನಲ್ಲಿ ಗುಳಿ ಕೊರೆಯುವ ಉಪಕರಣ ಬಂತು. ಅದರ ಅಳತೆ ನಾಲ್ಕೂಕಾಲು ಅಂಗುಲ. 1891ರಲ್ಲಿ ಅದನ್ನೇ ನಿಯಮ ಮಾಡಿದರು, ಇಂದಿಗೂ ಅದೇ ಅಳತೆ. ಕಾಕತಾಳೀಯವೆಂದರೆ, ಕಲ್ಕತ್ತದ ರಾಯಲ್ ಗಾಲ್ಫ್ ಕ್ಲಬ್ ಹುಟ್ಟಿದ್ದೂ ಅದೇ 1829ರಲ್ಲಿ. ನಮ್ಮ ಬೆಂಗಳೂರಿನ ಗಾಲ್ಫ್ ಕ್ಲಬ್ 1876ರದು. ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಕ್ಲಬ್ 1927ರದು.

ಗುಳಿಯ ಸುತ್ತ ಎಲ್ಲೆಡೆ ಹಸಿರು ಹುಲ್ಲಿತ್ತೆಂದು ತಿಳಿಯಬೇಡಿ. ನೀರಿನ ಅಭಾವವಿದ್ದ ಕಡೆ ಮರಳಿಗೆ ಎಣ್ಣೆ ಬೆರೆಸಿ ನೆಲ ಸಮ ಮಾಡುತ್ತಿದ್ದರು. ಇಂಥ ನೆಲಕ್ಕೆ ನಮ್ಮ ದೇಶದಲ್ಲಿ ‘ಬ್ರೌನ್ಸ್’ ಎಂದೇ ಹೆಸರು. ಅಮೆರಿಕದ ಹೆಸರಾಂತ ಪೈನ್‌ಹರ್ಸ್ಟ್ ಮೈದಾನದಲ್ಲೂ 1935ರವರೆಗೆ ಇದ್ದದ್ದು ಮರಳೇ. ಅದೇ 1935ರಲ್ಲಿ ಯು.ಎಸ್. ಓಪನ್ ಪಂದ್ಯ ನೋಡಲು ಹೋದ ಎಡ್ವರ್ಡ್ ಸ್ಟಿಂಪ್ಸನ್, ಹುಲ್ಲಿನ ಮೇಲೆ ಚೆಂಡು ಹಿಡಿತಕ್ಕೆ ಸಿಗದೆ ಜಾರುವುದನ್ನು ಕಂಡು, ನೆಲದ ವೇಗ ಅಳೆಯಲು ಮರದ ಪಟ್ಟಿಯೊಂದನ್ನು ಮಾಡಿದರು. ಪಟ್ಟಿಯನ್ನು ಓರೆಯಾಗಿ ಎತ್ತಿ ಚೆಂಡು ಉರುಳಿಸುವುದು, ಅದು ಎಷ್ಟು ಅಡಿ ಹೋಗಿ ನಿಂತಿತೆಂದು ನೋಡುವುದು, ಇಷ್ಟೇ ಕೆಲಸ. 1970ರ ದಶಕದ ಕೊನೆಗೆ ಅದರ ಅಲ್ಯೂಮಿನಿಯಂ ರೂಪ ಮೈದಾನಗಳ ಕೈಸೇರಿತು.

ಈಗ ನಮ್ಮ ಹುಡುಗಿಯ ಕಥೆಗೆ ಬರೋಣ. ಬೆಂಗಳೂರಿನ ಅದಿತಿ ಅಶೋಕ್ ಐದಾರು ವರ್ಷದ ಮಗುವಾಗಿದ್ದಾಗ, ಮನೆಯವರು ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನ ಕಾಣುತ್ತಿತ್ತು. ಕುತೂಹಲದಿಂದ ಒಳಗೆ ಹೋದ ಮಗು ಆಟಕ್ಕೇ ಒಲಿದುಬಿಟ್ಟಳು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಾಗ ವಯಸ್ಸು 18, ಚೀಲ ಹೊತ್ತವರು ತಂದೆ. ಟೋಕಿಯೋದಲ್ಲಿ ಆ ಚೀಲ ತಾಯಿಯ ಹೆಗಲೇರಿತು.

ಟೋಕಿಯೋಗೆ ಹೋದಾಗ ಅದಿತಿ ವಿಶ್ವ ಪಟ್ಟಿಯಲ್ಲಿ 200ನೇ ಸ್ಥಾನದವರು. ದೂರ ಹೊಡೆಯುವ ಬಲದಲ್ಲಿ ಎದುರಾಳಿಗಳು ಬಹಳ ಮುಂದಿದ್ದರು. ಆ ಕೊರತೆಯನ್ನೆಲ್ಲ ತುಂಬಿಕೊಟ್ಟದ್ದು ಪಟರ್ ಎಂಬ ಗಿಡ್ಡ ಕೋಲು. 2021ರ ಆಗಸ್ಟ್ 7ರಂದು, ಗಾಲ್ಫ್ ಎಂದರೆ ಏನೆಂದೇ ಅರಿಯದ ಎಷ್ಟೋ ಮನೆಗಳಲ್ಲಿ ಬೆಳಗಿನಿಂದಲೇ ಟಿ.ವಿ. ಹಾಕಿ ಕೂತಿದ್ದರು. ಕೊನೆಗೆ ನೆಲಿ ಕೋರ್ಡಾಗೆ ಚಿನ್ನ. ಅದಿತಿ ನಾಲ್ಕನೆಯವರು. ಬೆಳ್ಳಿ-ಕಂಚಿಗಾಗಿ ಸೆಣಸಿದ ಇಬ್ಬರಿಗೂ ಅವರಿಗೂ ಇದ್ದ ಅಂತರ ಒಂದೇ ಹೊಡೆತ! ಕೊನೆಯ ಗುಳಿಯಲ್ಲಿ ಅವರ ಪಟ್ ಒಂದು ಒಳಗೆ ಬಿದ್ದಿದ್ದರೆ ಅವರೂ ಆ ಸೆಣಸಾಟದಲ್ಲಿರುತ್ತಿದ್ದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು, ಆ ಕೂಟದಲ್ಲಿ ಗಾಲ್ಫ್ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು.

ಪಟಿಂಗ್ ಸುಧಾರಿಸುವುದು ಹೇಗೆ? ಮೊದಲ ಪಾಠ, ದಿಕ್ಕಿಗಿಂತ ಮುಂಚೆ ವೇಗ. ಚೆಂಡು ಜೋರಾಗಿ ಬಂದಷ್ಟೂ ಗುಳಿ ಚಿಕ್ಕದಾಗುತ್ತದೆ; ಅಂಚಿಗೆ ತಾಗಿ ಹೊರಗೆ ಹಾರುತ್ತದೆ. ತೀರ ಮೆಲ್ಲಗೆ ಬಿಟ್ಟರೆ ಬಾಗಿಲವರೆಗೆ ಬಂದು ನಿಂತುಬಿಡುತ್ತದೆ. ನಾಸಾದಲ್ಲಿ ವಿಜ್ಞಾನಿಯಾಗಿದ್ದು ಆಮೇಲೆ ಗಾಲ್ಫ್ ಗುರುವಾದ ಡೇವ್ ಪೆಲ್ಜ್ ಹೇಳಿದ ಲೆಕ್ಕ, ಗುಳಿ ತಪ್ಪಿದರೆ ಚೆಂಡು ಸುಮಾರು 17 ಅಂಗುಲ ಮುಂದೆ ಹೋಗಿ ನಿಲ್ಲಬೇಕು. ಎರಡನೆಯದು, ನೆಲವನ್ನು ಓದುವುದು. ಇಳಿಜಾರು ಯಾವ ಕಡೆ, ಹುಲ್ಲು ಎತ್ತ ವಾಲಿದೆ, ನೆಲ ಒದ್ದೆಯೋ ಒಣಗಿದೆಯೋ? ನಮ್ಮ ಮಳೆಗಾಲದ ಹುಲ್ಲಿನಲ್ಲಿ ಚೆಂಡು ನಿಧಾನ. ಮೂರನೆಯದು, ಮಣಿಕಟ್ಟು ಆಡಿಸದೆ ಭುಜದಿಂದ ಕೋಲನ್ನು ಲೋಲಕದಂತೆ ತೂಗುವುದು, ತಲೆ ಎತ್ತದಿರುವುದು. ಚೆಂಡು ಬಿತ್ತೋ ಇಲ್ಲವೋ ಎಂಬುದನ್ನು ಕಿವಿಯೇ ಹೇಳಲಿ. ರೇಡಿಯೋ ಕೇಳುಗರಿಗೆ ಇದು ಕಷ್ಟವಾಗಲಾರದು!

ಇದಕ್ಕೆಲ್ಲ ದೊಡ್ಡ ಮೈದಾನವೇ ಬೇಕೆಂದಿಲ್ಲ. ಚೆಂಬೂರಿನ ಕ್ಲಬ್ಬಿನಲ್ಲಿ ಪರರ ಚೀಲ ಹೊರುವ ಹುಡುಗರು ಸಂಜೆ ತಮ್ಮ ವಸ್ತಿಯ ಗಲ್ಲಿಗಳಲ್ಲಿ ಕಬ್ಬಿಣದ ಸರಳು ಬಗ್ಗಿಸಿ ಪ್ಲಾಸ್ಟಿಕ್ ಚೆಂಡಿನಿಂದ ಆಡಿದ್ದುಂಟು. ಮನೆಯ ಚಾಪೆಯ ಮೇಲೆ ಮೂರು ಅಡಿ ದೂರಕ್ಕೆ ಒಂದು ಲೋಟ ಮಲಗಿಸಿದರೆ ನಿಮಗೂ ಅಭ್ಯಾಸ ಶುರು. ಮಕ್ಕಳಿಗೆ ಆಸಕ್ತಿ ಹುಟ್ಟಿದರೆ ನವಿಮುಂಬಯಿಯ ಖಾರ್‌ಘರ್‌ನಲ್ಲಿ ಸಿಡ್ಕೋ ಕಟ್ಟಿದ ಮೈದಾನವಿದೆ, ಒಮ್ಮೆ ತೋರಿಸಿ ಬನ್ನಿ. ಬೆಂಗಳೂರಿನ ಆ ಮಗು ಕೂಡ ಮೊದಲು ಹೊರಗಿನಿಂದ ಇಣುಕಿ ನೋಡಿದ್ದೇ ಅಲ್ಲವೇ?