ಪಶ್ಚಾತ್ತಾಪದ ಪೀಠದ ಬಳಿ ಸಿಕ್ಕ ಹಿರಿಯಜ್ಜಿ

ಸ್ಕಾಟ್ಲೆಂಡಿನಲ್ಲಿ ಹಿರಿಯರನ್ನು ಹುಡುಕುವವರಿಗೆ 1855 ವರದಂಥ ವರ್ಷ. ಜನನ, ಮದುವೆ, ಮರಣಗಳನ್ನು ಸರಕಾರವೇ ಕಡ್ಡಾಯವಾಗಿ ಬರೆದಿಡಲು ತೊಡಗಿದ್ದು ಆ ಜನವರಿ 1ರಿಂದ. ಆ ವರ್ಷದ ಮರಣಪತ್ರಗಳಲ್ಲಿ ಸತ್ತವರ ಹುಟ್ಟೂರು, ತಂದೆತಾಯಿ, ಮಕ್ಕಳ ಹೆಸರು, ಹೂಳಿದ ಜಾಗಕ್ಕೆಲ್ಲ ಕಲಂಗಳಿದ್ದವು. ಅಷ್ಟೆಲ್ಲ ಕೇಳಿ ಬರೆಯುವುದು ಹೊರೆಯಾಗಿ ಮರುವರ್ಷವೇ ಹಲವನ್ನು ಕೈಬಿಟ್ಟರು. ನನ್ನ ಗಂಡನ ಮುತ್ತಜ್ಜನ ಅಜ್ಜಿ ಡಂಡೀ ಊರಿನಲ್ಲಿ ತೀರಿಕೊಂಡದ್ದು ಅದೇ 1855ರಲ್ಲಿ, 67ನೇ ವಯಸ್ಸಿಗೆ. ಹುಟ್ಟಿದ್ದು ಪರ್ತ್‌ಶೈರಿನ ಹಳ್ಳಿಯೊಂದರಲ್ಲಿ ಎಂದಿತ್ತು. ತಾಯಿಯ ಹೆಸರಿತ್ತು. ತಂದೆಯ ಹೆಸರಿನ ಜಾಗ ಖಾಲಿ.

ಅಲ್ಲಿಂದ ಹಿಂದಕ್ಕೆ ಚರ್ಚಿನ ಪುಸ್ತಕಗಳೇ ಗತಿ. ಉಳಿದವುಗಳಲ್ಲಿ ಅತಿ ಹಳೆಯದು ಅದೇ ಪರ್ತ್‌ಶೈರಿನ ಎರಲ್ ಪ್ಯಾರಿಷ್‌ನದು (ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಯ ಊರು), 1553ರಿಂದ. ಹೈಲ್ಯಾಂಡ್ಸ್ ಮತ್ತು ದ್ವೀಪಗಳಲ್ಲಿ ಎಷ್ಟೋ ಪುಸ್ತಕಗಳು ಆರಂಭವಾಗುವುದೇ ಅದಕ್ಕಿಂತ ಎರಡು ಶತಮಾನ ತಡವಾಗಿ. ನಮ್ಮ ಊರೂರಿನ ಕೈಫಿಯತ್ತುಗಳನ್ನು ಬರೆಸಿಟ್ಟ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟಾರ್ನೊವೇಯವನು; ಅಂಥವನ ಹುಟ್ಟಿದ ವರ್ಷವೂ ಒಂದು ಪುಸ್ತಕದಲ್ಲಿ 1753, ಇನ್ನೊಂದರಲ್ಲಿ 1754. ಸಾಲದ್ದಕ್ಕೆ 1783ರಲ್ಲಿ ಸರಕಾರ ದೀಕ್ಷಾಸ್ನಾನದ ಪ್ರತಿ ದಾಖಲೆಗೂ 3 ಪೆನ್ನಿ ತೆರಿಗೆ ಹಾಕಿತು. 1794ರಲ್ಲಿ ಅದು ರದ್ದಾಗುವವರೆಗೆ ಎಷ್ಟೋ ಬಡವರು ಮಗುವಿನ ಹೆಸರು ಬರೆಸದೆಯೇ ಮನೆಗೆ ಹೋದರು. ನನಗೆ ಬೇಕಾಗಿದ್ದ 1788 ಆ ತೆರಿಗೆಯ ಕಾಲದಲ್ಲೇ ಬಿದ್ದಿತ್ತು. ದೀಕ್ಷಾಸ್ನಾನದ ಪುಸ್ತಕದಲ್ಲಿ ಆಕೆ ಇಲ್ಲ.

ಹೆಚ್ಚಿನವರು ಇಲ್ಲಿಗೆ ಕೈಬಿಡುತ್ತಾರೆ. ಆದರೆ ಪ್ರತಿ ಪ್ಯಾರಿಷ್‌ನಲ್ಲಿ ಪಾದ್ರಿಯೂ ಹಿರಿಯರೂ ಸೇರಿ ನಡೆಸುತ್ತಿದ್ದ ಕರ್ಕ್ ಸೆಷನ್ ಎಂಬ ಸಭೆಯಿತ್ತು. ಊರಿನ ನಡತೆಯ ವಿಚಾರಣೆ, ಬಡವರ ಪೆಟ್ಟಿಗೆಯ ಲೆಕ್ಕ ಎರಡೂ ಅದರ ಕೈಯಲ್ಲಿ. ಮದುವೆಯಾಗದ ಹೆಣ್ಣು ಬಸುರಾದ ಸುದ್ದಿ ಕಿವಿಗೆ ಬಿದ್ದರೆ ಕರೆಸುತ್ತಿದ್ದರು, ತಂದೆ ಯಾರೆಂದು ಕೇಳುತ್ತಿದ್ದರು, ಉತ್ತರವನ್ನು ಬರೆದುಕೊಳ್ಳುತ್ತಿದ್ದರು. ಆಮೇಲೆ ದಂಡ, ಭಾನುವಾರಗಳಂದು ತುಂಬಿದ ಚರ್ಚಿನಲ್ಲಿ ಎಲ್ಲರೆದುರು ಪಶ್ಚಾತ್ತಾಪದ ಪೀಠದ ಶಿಕ್ಷೆ. ಕವಿ ರಾಬರ್ಟ್ ಬರ್ನ್ಸ್ ಕೂಡ 1786ರಲ್ಲಿ ಜೀನ್ ಆರ್ಮರ್ ಬಸುರಾದ ಕಾರಣಕ್ಕೆ ಮಾಕ್ಲಿನ್ ಚರ್ಚಿನಲ್ಲಿ ಸಭೆಯೆದುರು ನಿಂತು ಛೀಮಾರಿ ಕೇಳಬೇಕಾಯಿತು.

ಆ ಹಳ್ಳಿಯ ಸೆಷನ್ ಪುಸ್ತಕದ 1788ರ ಪುಟಗಳಲ್ಲಿ ನನಗೆ ಆಕೆಯ ತಾಯಿ ಸಿಕ್ಕಳು. ಜಮೀನುದಾರನೊಬ್ಬನ ಮನೆಯ ಆಳು. ಮಗುವಿನ ತಂದೆ ಅದೇ ಮನೆಯ ನೇಗಿಲಾಳು ಎಂದಳು. ಆಳುಗಳನ್ನು ಆರು ತಿಂಗಳ ಕರಾರಿಗೆ ಗೊತ್ತುಮಾಡುತ್ತಿದ್ದ ಕಾಲ. ಅವಧಿ ಮುಗಿದು ಅವನು ಬೇರೆ ಪ್ಯಾರಿಷ್‌ಗೆ ಹೋಗಿದ್ದ. ಅಲ್ಲಿಯ ಸೆಷನ್‌ಗೆ ಕಾಗದ ಹೋಯಿತು. ಮೊದಲು ಅಲ್ಲಗಳೆದ, ಕೊನೆಗೆ ಒಪ್ಪಿಕೊಂಡ. ಆ ಹುಡುಗಿಯನ್ನು ಎರಡೆರಡು ಸಲ ಗಂಡಸರ ಸಭೆಯೆದುರು ನಿಲ್ಲಿಸಿ ಕೇಳಿದ್ದನ್ನು ಓದುವಾಗ ನನಗೆ ಕೋಪ ಬಂತು, ಈಗಲೂ ಬರುತ್ತದೆ. ಆದರೆ ಆ ವಿಚಾರಣೆ ನಡೆಯದಿದ್ದರೆ ಅವಳ ಹೆಸರು ಎಲ್ಲಿಯೂ ಉಳಿಯುತ್ತಿರಲಿಲ್ಲ.

ಇದೇ ಕುಟುಂಬ ಎಂದು ಹೇಗೆ ನಂಬುವುದು? ಸ್ಕಾಟಿಷ್ ಮನೆಗಳಲ್ಲಿ ಬಹುಮಟ್ಟಿಗೆ ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೇ ಮಗನಿಗೆ ತಾಯಿಯ ತಂದೆಯ ಹೆಸರು ಇಡುವ ರೂಢಿ. 1855ರ ಮರಣಪತ್ರದಲ್ಲಿ ಮಕ್ಕಳ ಪಟ್ಟಿ ನೋಡಿದೆ. ದೊಡ್ಡ ಮಗಳಿಗೆ ಆ ಆಳುಹುಡುಗಿಯ ಹೆಸರು. ಎರಡನೇ ಮಗನಿಗೆ ಆ ನೇಗಿಲಾಳಿನ ಹೆಸರು. ಸರಕಾರಿ ಕಾಗದದಲ್ಲಿ ಖಾಲಿ ಬಿಟ್ಟಿದ್ದ ತಂದೆಯನ್ನು ಆಕೆ ಮಗನ ಹೆಸರಿನಲ್ಲಿ ಉಳಿಸಿಕೊಂಡಿದ್ದಳು. ಅತ್ತೆಯವರಿಗೆ ಇದನ್ನು ಓದಿ ಹೇಳಿದಾಗ ಅವರು ಆ ನೇಗಿಲಾಳಿನ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಸೆಷನ್ ಪುಸ್ತಕಗಳಲ್ಲಿ ಬಹುಪಾಲು ಎಡಿನ್‌ಬರೊದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್‌ನಲ್ಲಿವೆ. 2021ರಿಂದ ಸಾವಿರಾರು ಪುಸ್ತಕಗಳ ಚಿತ್ರಗಳು ಸ್ಕಾಟ್ಲೆಂಡ್ಸ್‌ಪೀಪಲ್ ತಾಣದಲ್ಲೂ ಸಿಗುತ್ತವೆ. ಹೆಸರು ಕೊಟ್ಟರೆ ಪುಟ ತೆರೆಯುವುದಿಲ್ಲ. ಕೂತು ಒಂದೊಂದೇ ಪುಟ ಓದಬೇಕು. ಹೂಳಿದ ದಾಖಲೆ ಇಲ್ಲದ ಕಡೆ ಅದೇ ಸೆಷನ್ ಪುಸ್ತಕಗಳಲ್ಲಿ ಶವದ ಮೇಲೆ ಹೊದಿಸುವ ಬಟ್ಟೆಯ ಬಾಡಿಗೆ ಲೆಕ್ಕವನ್ನಾದರೂ ನೋಡಿ. ಬೆಂಗಳೂರು ದಂಡಿನಲ್ಲಿದ್ದ ಸ್ಕಾಟಿಷ್ ಸಿಪಾಯಿಗಳ ವಂಶದವರು ಮೊದಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚು ದಾಖಲೆಗಳನ್ನು ನೋಡಲಿ. ಪ್ಯಾರಿಷ್ ಯಾವುದೆಂದು ಗೊತ್ತಾದ ಮೇಲೆ ದೀಕ್ಷಾಸ್ನಾನದ ಪಟ್ಟಿಗಷ್ಟೇ ನಿಲ್ಲದೆ ಸೆಷನ್ ಪುಸ್ತಕವನ್ನೂ ತೆರೆಯಿರಿ.