ಅನ್ನದ ಮೇಜಿನ ಚರಿತ್ರೆ

ನೆದರ್ಲೆಂಡ್ಸ್ ದೇಶದ ಯಾವ ಊರಿಗೆ ಹೋದರೂ ಇಂಡೋನೇಷ್ಯದ ಊಟಕ್ಕೆ ಬರವಿಲ್ಲ. ಹೇಗ್, ಲೈಡನ್, ಆಮ್‌ಸ್ಟರ್‌ಡ್ಯಾಮ್ ನಗರಗಳ ಮಾತಂತಿರಲಿ, ಸಣ್ಣ ಪಟ್ಟಣಗಳಲ್ಲಿಯೂ ಅಂಥ ಭೋಜನಶಾಲೆಗಳಿವೆ. ಓದಿಗೋ ಉದ್ಯೋಗಕ್ಕೋ ಹೋಗಿ ಅಲ್ಲಿ ನೆಲಸಿದ ಕನ್ನಡಿಗರಿಗೆ, ಬ್ರೆಡ್ಡು ಚೀಸುಗಳಿಂದ ಬೇಸತ್ತ ನಾಲಗೆಗೆ, ಅವು ದೊಡ್ಡ ಸಮಾಧಾನ. ಬಿಸಿ ಅನ್ನ, ತೆಂಗಿನಹಾಲು, ಹುಣಿಸೆ, ಬೆಲ್ಲ, ಮೆಣಸಿನಕಾಯಿ ಎಲ್ಲವೂ ಅಲ್ಲಿ ಉಂಟು. ಪರದೇಶದಲ್ಲಿ ಮತ್ತೊಂದು ಪರದೇಶದ ಊಟ ನಮ್ಮದೆನಿಸುವುದಕ್ಕೆ ಕಾರಣವೇನು, ಆ ಊಟ ಆ ಚಳಿನಾಡಿಗೆ ಬಂದದ್ದಾದರೂ ಹೇಗೆ ಎಂಬ ಪ್ರಶ್ನೆಗಳು ರುಚಿಯನ್ನು ದಾಟಿ ಚರಿತ್ರೆಗೆ ಕರೆದೊಯ್ಯುತ್ತವೆ.

ಈ ಭೋಜನಶಾಲೆಗಳ ಹೆಮ್ಮೆಯ ಊಟಕ್ಕೆ ಡಚ್ಚರು ಇಟ್ಟ ಹೆಸರು 'ರೈಸ್ತಾಫೆಲ್', ಅಂದರೆ ಅನ್ನದ ಮೇಜು. ನಡುವೆ ಅನ್ನ, ಸುತ್ತಲೂ ಹತ್ತಿಪ್ಪತ್ತು ಕಿರುಬಟ್ಟಲುಗಳಲ್ಲಿ ಬಗೆಬಗೆಯ ಮೇಲೋಗರ. ಇದು ಇಂಡೋನೇಷ್ಯದ ಪರಂಪರಾಗತ ಊಟವೆಂದು ತಿಳಿಯುವುದು ಸಹಜ. ಆದರೆ ಜಾವಾದ ರೈತನ ಮನೆಯಲ್ಲಿ ಹೀಗೆ ಉಣ್ಣುತ್ತಿರಲಿಲ್ಲ. ಬೇರೆಬೇರೆ ದ್ವೀಪಗಳ ಅಡುಗೆಗಳನ್ನು ಒಂದೇ ಮೇಜಿಗೆ ಕೂಡಿಸಿದವರು ವಸಾಹತು ಕಾಲದ ಡಚ್ಚರು. ಬಟಾವಿಯಾದ ಹೆಸರಾಂತ ಹೋಟೆಲುಗಳಲ್ಲಿ ಸ್ಥಳೀಯ ಪರಿಚಾರಕರು ತಲಾ ಒಂದೊಂದು ಖಾದ್ಯ ಹಿಡಿದು ಸಾಲಾಗಿ ಬಂದು ಬಡಿಸುತ್ತಿದ್ದರು. ಆ ಸಾಲಿನ ಉದ್ದವೇ ಉಣ್ಣುವವನ ಅಂತಸ್ತಿನ ಪ್ರದರ್ಶನವಾಗಿತ್ತು. ಸ್ವತಂತ್ರ ಇಂಡೋನೇಷ್ಯ ಆ ವೈಭವವನ್ನು ಬಹುಮಟ್ಟಿಗೆ ಕೈಬಿಟ್ಟಿತು, ಹಾಲೆಂಡ್ ಉಳಿಸಿಕೊಂಡಿತು.

ಅನ್ನದ ಮೇಜು ಹರಡಿಕೊಂಡ ಶತಮಾನದಲ್ಲಿಯೇ ಅನ್ನ ಬೆಳೆದವನು ಹಸಿದಿದ್ದ. 1830ರಲ್ಲಿ ಜಾರಿಗೆ ಬಂದ ಕಡ್ಡಾಯ ಬೇಸಾಯ ಪದ್ಧತಿಯಂತೆ ಜಾವಾದ ಹಳ್ಳಿಗಳು ತಮ್ಮ ಭೂಮಿಯ ಐದನೆಯ ಒಂದು ಭಾಗದಲ್ಲಿ ಸರ್ಕಾರಕ್ಕಾಗಿ ಕಬ್ಬು, ನೀಲಿ ಮುಂತಾದ ರಫ್ತಿನ ಬೆಳೆಗಳನ್ನು ಬೆಳೆಯಬೇಕಿತ್ತು. ಆಚರಣೆಯಲ್ಲಿ ಹೊರೆ ಅದಕ್ಕಿಂತ ಹೆಚ್ಚಾಗಿತ್ತು. 1840ರ ದಶಕದಲ್ಲಿ ಚಿರೆಬೊನ್, ದೆಮಾಕ್, ಗ್ರೊಬೊಗಾನ್ ಸೀಮೆಗಳು ಕ್ಷಾಮಕ್ಕೆ ತುತ್ತಾದವು. ಆ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಎದುಆರ್ದ್ ದೌವೆಸ್ ದೆಕ್ಕರ್, 'ಮುಲ್ತಾತುಲಿ' ಎಂಬ ಕಾವ್ಯನಾಮದಲ್ಲಿ 1860ರಲ್ಲಿ ಪ್ರಕಟಿಸಿದ 'ಮ್ಯಾಕ್ಸ್ ಹಾವೆಲಾರ್' ಕಾದಂಬರಿ ಈ ಶೋಷಣೆಯನ್ನು ಡಚ್ ಓದುಗರ ಮುಂದಿಟ್ಟಿತು.

ಇನ್ನೂ ಹಿಂದಕ್ಕೆ ಹೋದರೆ ಕಥೆ ಮತ್ತಷ್ಟು ಕರಾಳ. ಜಾಯಿಕಾಯಿ ಒಂದು ಕಾಲಕ್ಕೆ ಬಂಡಾ ದ್ವೀಪಗಳಲ್ಲಿ ಮಾತ್ರ ಬೆಳೆಯುತ್ತಿತ್ತು. ಆ ವ್ಯಾಪಾರದ ಏಕಸ್ವಾಮ್ಯಕ್ಕಾಗಿ ಯಾನ್ ಪೀಟರ್‌ಸೋನ್ ಕೂನ್ 1621ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದೊಡನೆ ಬಂಡಾದ ಮೇಲೆ ಬಿದ್ದ. ಸುಮಾರು 15,000 ಜನರಿದ್ದರೆಂದು ಅಂದಾಜಿಸಲಾದ ಆ ದ್ವೀಪಗಳಲ್ಲಿ ಉಳಿದವರು ಸಾವಿರದಷ್ಟು. ಉಳಿದೆಲ್ಲರೂ ಕೊಲೆಗೀಡಾದರು, ಹಸಿವಿನಿಂದ ಸತ್ತರು, ಗುಲಾಮರಾದರು, ಇಲ್ಲವೆ ಓಡಿಹೋದರು. ತೋಟಗಳಲ್ಲಿ ದುಡಿಯಲು ಹೊರಗಿನಿಂದ ಗುಲಾಮರನ್ನು ತರಲಾಯಿತು.

ಈ ಸಾಂಬಾರ ಪದಾರ್ಥಗಳ ದಾರಿಯಲ್ಲಿ ಕರ್ನಾಟಕವೂ ಇದೆ. ಲವಂಗದ ಮೂಲನೆಲೆ ಮಲುಕುವಿನ ಕೆಲವೇ ದ್ವೀಪಗಳು. ಅಯ್ಯಾವೊಳೆಯ ಐನೂರ್ವರ ಸರಕುಗಳನ್ನು ಹೇಳುವ ಶಿಕಾರಿಪುರ ಸೀಮೆಯ 11ನೆಯ ಶತಮಾನದ ಶಾಸನದಲ್ಲಿ ಲವಂಗ, ಕರ್ಪೂರ, ಶ್ರೀಗಂಧಗಳು ಬರುತ್ತವೆ. ಐಹೊಳೆಯ ಹೆಸರು ಹೊತ್ತ ಅದೇ ವಣಿಕ ಸಂಘದ ತಮಿಳು ಶಾಸನವೊಂದು, 1088ರದು, ಸುಮಾತ್ರದ ಬಾರೂಸ್ ಬಳಿ ದೊರೆತಿದೆ. ಮಜಪಾಹಿತ್ ಆಸ್ಥಾನದ ಕವಿ ಪ್ರಪಂಚ 1365ರಲ್ಲಿ ರಚಿಸಿದ 'ನಾಗರಕೃತಾಗಮ' ಕಾವ್ಯವು ಆ ರಾಜಧಾನಿಗೆ ಬರುತ್ತಿದ್ದವರ ನಾಡುಗಳನ್ನು ಎಣಿಸುವಾಗ ಕರ್ನಾಟಕವನ್ನೂ ಹೆಸರಿಸುತ್ತದೆ. ಈ ಕಾವ್ಯದ ತಾಳೆಗರಿಯ ಪ್ರತಿ ಬೆಳಕಿಗೆ ಬಂದದ್ದು 1894ರಲ್ಲಿ, ಡಚ್ ಸೇನೆ ಲೊಂಬೊಕ್ಕಿನ ಅರಮನೆಯನ್ನು ವಶಪಡಿಸಿಕೊಂಡಾಗ. ಮುಂದೆ ಅದು ಲೈಡನ್ ವಿಶ್ವವಿದ್ಯಾಲಯದ ಗ್ರಂಥಭಂಡಾರ ಸೇರಿ, 1970ರ ದಶಕದಲ್ಲಿ ಇಂಡೋನೇಷ್ಯಕ್ಕೆ ಮರಳಿತು. ಅಡುಗೆಯಂತೆ ಕಾವ್ಯವೂ ವಸಾಹತಿನ ಹಡಗನ್ನೇರಿತ್ತು.

ಭಾಷೆಯೂ ಈ ನಂಟಿಗೆ ಸಾಕ್ಷಿ. ಇಂಡೋನೇಷ್ಯದ ನುಡಿಯಲ್ಲಿ ರುಚಿಗೆ 'ರಸ', ಜೇನಿಗೆ 'ಮದು', ಕಾಳುಮೆಣಸಿಗೆ 'ಮೆರಿಚ'. ಇವು ಸಂಸ್ಕೃತದ ರಸ, ಮಧು, ಮರೀಚಗಳು. ಸಕ್ಕರೆಯ 'ಗುಲ' ಎಂಬುದು ನಮ್ಮ ಗುಡ. ಅಲ್ಲಿನ ಮುಸ್ಲಿಮರು ರಂಜಾನಿನ ವ್ರತಕ್ಕೆ ಹೇಳುವ 'ಪುಆಸ' ಎಂಬುದು ಉಪವಾಸ. ಉಣ್ಣುವುದಕ್ಕೂ ಉಣ್ಣದಿರುವುದಕ್ಕೂ ಅವರಿಗೂ ನಮಗೂ ಸಮಾನ ಪದಗಳಿವೆ. ಆದರೆ ಪದ ಒಂದಾದ ಮಾತ್ರಕ್ಕೆ ಬಟ್ಟಲು ಒಂದಾಗದು. ಸಸ್ಯಾಹಾರಿಗೆ ಅಲ್ಲಿ ತೆಂಪೆ, ತಾಹು, ಗಾದೊ-ಗಾದೊ ಸಿಗುತ್ತವೆ. ತೆಂಪೆಯೆಂದರೆ ಬೇಯಿಸಿದ ಸೋಯಾ ಕಾಳಿಗೆ ಬೂಷ್ಟು ಹಿಡಿಸಿ ಗಟ್ಟಿಯಾಗಿಸಿದ ಜಾವಾದ ತಿನಿಸು. ಆದರೆ ಸಾಂಬಾಲ್ ಚಟ್ನಿಗೆ ಸಾಮಾನ್ಯವಾಗಿ 'ತೆರಾಸಿ', ಅಂದರೆ ಸೀಗಡಿಯನ್ನು ಹುದುಗಿಸಿ ಮಾಡಿದ ಮುದ್ದೆ, ಸೇರಿರುತ್ತದೆ. ಅದು ಕಣ್ಣಿಗೆ ಕಾಣದು, ಕೇಳಿಯೇ ಉಣ್ಣಬೇಕು.

ಈ ಅಡುಗೆಯನ್ನು ಹಾಲೆಂಡಿಗೆ ತಂದು ಬೇರೂರಿಸಿದವರಲ್ಲಿ ನೆಲ ಕಳೆದುಕೊಂಡವರೇ ಬಹಳ. 1945ರ ಆಗಸ್ಟ್ 17ರ ಸ್ವಾತಂತ್ರ್ಯ ಘೋಷಣೆಯ ಬಳಿಕ ಯುದ್ಧ ನಡೆದು, 1949ರ ಡಿಸೆಂಬರ್ 27ರಂದು ಅಧಿಕಾರ ಹಸ್ತಾಂತರವಾಯಿತು. ಆ ಕಾಲದಲ್ಲಿಯೂ ಅನಂತರವೂ ಸುಮಾರು ಮೂರು ಲಕ್ಷ ಜನ ಹಾಲೆಂಡಿಗೆ ಬಂದರು. ಅವರಲ್ಲಿ ಬಹುಮಂದಿ ಮಿಶ್ರ ಸಂತತಿಯ ಇಂಡೋಗಳು. 1951ರಲ್ಲಿ ಸುಮಾರು 12,500 ಮಲುಕು ಜನ, ವಸಾಹತು ಸೇನೆಯ ಯೋಧರು ಮತ್ತವರ ಕುಟುಂಬದವರು, ಬಂದಿಳಿದರು. ತಾತ್ಕಾಲಿಕವೆಂದು ಅವರನ್ನು ಶಿಬಿರಗಳಲ್ಲಿಟ್ಟರು. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವೆಸ್ಟರ್‌ಬೋರ್ಕ್ ಅವುಗಳಲ್ಲೊಂದು. ಅಲ್ಲಿ ಸಾಮೂಹಿಕ ಅಡುಗೆಮನೆಯ ಊಟವೇ ಗತಿ. 1956ರಲ್ಲಿ ನಿಯಮ ಬದಲಾದ ಮೇಲಷ್ಟೇ ಅವರು ತಮ್ಮ ಅನ್ನವನ್ನು ತಾವೇ ಬೇಯಿಸಿಕೊಳ್ಳಬೇಕಾಯಿತು. ಹೋಟೆಲಿನ ಮೇಜಿನ ಮೇಲೆ ವೈಭವವಾಗಿದ್ದ ಅನ್ನ ಇವರ ಪಾಲಿಗೆ ನೆನಪು.

ಹಾಗೆಂದು ಆ ಊಟ ತ್ಯಾಜ್ಯವಲ್ಲ. ಬಂಡಾದವರ ಬವಣೆ, ಜಾವಾದ ರೈತನ ಬೆವರು, ವಲಸೆಗಾರ ತಾಯಂದಿರ ಕೈಗುಣ ಎಲ್ಲವೂ ಅದರಲ್ಲಿ ಬೆರೆತಿವೆ. ಸಾಹಿತ್ಯದ ವಿದ್ಯಾರ್ಥಿಗಳು ನಮ್ಮ ಪಾಕಗ್ರಂಥಗಳನ್ನೂ ಹೀಗೆ ಓದಬಹುದು. ಚಾವುಂಡರಾಯನ 'ಲೋಕೋಪಕಾರ', ಮಂಗರಸನ 'ಸೂಪಶಾಸ್ತ್ರ'ಗಳನ್ನು ಶಬ್ದಾರ್ಥಕ್ಕೆ, ಛಂದಸ್ಸಿಗೆ ನೋಡಿದ್ದೇವೆ. ಅವುಗಳ ಒಂದೊಂದು ಪದಾರ್ಥ ಎಲ್ಲಿಂದ ಬಂತು, ಯಾರು ಬೆಳೆದರು, ಯಾರು ಹೊತ್ತು ತಂದರು ಎಂದು ಕೇಳುವ ಕೆಲಸ ಇನ್ನೂ ಬಹಳಷ್ಟಿದೆ.